‘ಲಾಯ್ಕ ಉಂಟು’ ಎನ್ನದ ಟೈಲರಕ್ಕ

ಕಳೆದ ವಾರ ಒಂದು ಸಣ್ಣ ನೀರಿನ ಪಂಪು ಪಾರ್ಸೆಲಿನಲ್ಲಿ ಬಂತು. ಪೆಟ್ಟಿಗೆ ಬಿಚ್ಚಿದಾಗ ಮಿಷಿನ್ ಎಣ್ಣೆಯ ವಾಸನೆ ಕೋಣೆಯಿಡೀ ಹರಡಿತು. ಆ ವಾಸನೆಗೆ ಟೈಲರಕ್ಕ ನೆನಪಾದರು...

ಪುತ್ತೂರಿನಲ್ಲಿ ನನ್ನ ಕೋಣೆ ಮಾಳಿಗೆಯ ಮೇಲೆ, ಅವರ ಹೊಲಿಗೆ ಅಂಗಡಿ ಕೆಳಗೆ. ನನ್ನದು ವೆಬ್‌ ಡೆಮೊ ಮಾಡುವ ಕೆಲಸ. ಕಂಪೆನಿಯವರು ನನಗೆ ಒಂದು ವಸ್ತು ಕಳಿಸುತ್ತಾರೆ; ಕೊಳ್ಳುವ ಮೊದಲು ಜನ ಅದನ್ನು ಮೊಬೈಲಿನಲ್ಲೇ ಒತ್ತಿ, ತಿರುಗಿಸಿ, ನಡೆಸಿ ನೋಡಬೇಕು. ಯಾರೂ ಹೇಳಿಕೊಡದೆ ಅರ್ಥವಾಗಬೇಕು. ಅರ್ಥವಾಯಿತೋ ಇಲ್ಲವೋ ತಿಳಿಯುವುದೇ ನಮ್ಮ ಕಡೆ ಕಷ್ಟ. ಸುಳ್ಯದಲ್ಲಿ ತೋರಿಸಿದರೂ ಕಡಬದಲ್ಲಿ ತೋರಿಸಿದರೂ ನೋಡಿದವರು ನನಗೆ ಬೇಸರವಾಗಬಾರದೆಂದು “ಲಾಯ್ಕ ಉಂಟು”, ಚೆನ್ನಾಗಿದೆ, ಎಂದು ಮೊಬೈಲ್ ವಾಪಸು ಕೊಡುತ್ತಾರೆ.

ಟೈಲರಕ್ಕನಿಗೆ ಆ ದಾಕ್ಷಿಣ್ಯ ಇರಲಿಲ್ಲ. ಹೊಸ ಡೆಮೊ ಆದ ಕೂಡಲೇ ಕೆಳಗಿಳಿದು ಮೊಬೈಲನ್ನು ಅವರ ಕೈಗೆ ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ಅವರು ಕನ್ನಡಕ ಏರಿಸಿ ಒತ್ತುತ್ತಿದ್ದರು.

“ಎಂತ ಮಾರಾಯ, ಬಾಗಿಲು ಎಲ್ಲಿ ಉಂಟು ಇದಕ್ಕೆ? ನಾನು ಆಗಿಂದ ಗೋಡೆ ತಟ್ಟುತ್ತಾ ಇದ್ದೇನೆ.”

“ಅಲ್ಲಿ ಕೆಳಗೆ ಬಾಣದ ಗುರುತು ಉಂಟಲ್ಲ ಅಕ್ಕ...”

“ನೀನು ಹೇಳಬೇಡ. ಕೊಳ್ಳುವವರ ಮನೆಗೆಲ್ಲ ಹೋಗಿ ನಿಲ್ಲುತ್ತೀಯಾ ನೀನು?”

ನಾನು ಮೇಲೆ ಹೋಗಿ ಅರ್ಧ ಗುಂಡಿಗಳನ್ನು ತೆಗೆದುಹಾಕುತ್ತಿದ್ದೆ. ಒಂದು ಪರದೆಯಲ್ಲಿ ಒಂದೇ ಕೆಲಸ ಇಡುತ್ತಿದ್ದೆ. ಅವರ ಬೆರಳು ಎಲ್ಲೂ ತಡವರಿಸದೆ ಕೊನೆ ಮುಟ್ಟಿದರೆ ಮಾತ್ರ ಡೆಮೊ ಕಳಿಸುತ್ತಿದ್ದೆ. ಆಗಲೂ ಹೊಗಳಿಕೆ ಇಲ್ಲ. “ಹ್ಞೂಂ, ಹೋಗು” ಅಷ್ಟೇ. ಇಡೀ ಪೇಟೆಯಲ್ಲಿ ನಾನು ನಂಬುತ್ತಿದ್ದುದು ಆ ಒಂದು ಹ್ಞೂಂಕಾರವನ್ನು.

ಕೊನೆಯ ಸಲ ತೋರಿಸಿದ್ದು ಒಂದು ಮಿಕ್ಸಿಯ ಡೆಮೊ. ಮೊಬೈಲನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡರು. ಎರಡು ಕಡೆ ಒತ್ತಿದರು. ಮತ್ತೆ ನನ್ನ ಕಡೆಗೆ ಚಾಚಿ, “ಲಾಯ್ಕ ಉಂಟು” ಎಂದರು.

ಟೈಲರಕ್ಕ ಹೊಗಳಿದರು! ಮೆಟ್ಟಿಲನ್ನು ಹಾರಿಕೊಂಡೇ ಹತ್ತಿದೆ. ಆ ಡೆಮೊವನ್ನು ತಿದ್ದದೆ ಕಳಿಸಿದೆ.

ಸ್ವಲ್ಪ ದಿನಗಳಲ್ಲೇ ಅವರು ತೀರಿಕೊಂಡರು. ಎದೆನೋವು ಎಂದರು, ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗಲಿಲ್ಲವಂತೆ... ಅಂಗಡಿ ಖಾಲಿ ಮಾಡಲು ಉಪ್ಪಿನಂಗಡಿಯಿಂದ ಅವರ ತಂಗಿ ಬಂದರು. ಮಿಷಿನ್ ಎತ್ತಿ ಹೊರಗಿಡಲು ನಾನೂ ಕೈಜೋಡಿಸಿದೆ. ಕಳೆದ ಮಳೆಗಾಲದಿಂದಲೇ ಅಕ್ಕನಿಗೆ ಕಣ್ಣು ಕಾಣುವುದು ಕಡಿಮೆಯಾಗುತ್ತಾ ಬಂದಿತ್ತು ಎಂದು ಆಗ ತಂಗಿ ಹೇಳಿದರು.

“ಸೂಜಿಗೆ ನೂಲು ನಾನು ಬಂದಾಗ ಹಾಕಿ ಇಡುದು. ದುಬೈಯಲ್ಲಿರುವ ಮಗನಿಗೆ ಗೊತ್ತಾದರೆ ಅಂಗಡಿ ಮುಚ್ಚಿಸುತ್ತಾನೆ ಅಂತ ಅಕ್ಕ ಯಾರಿಗೂ ಹೇಳಲಿಲ್ಲ. ನಿಮಗೂ ಹೇಳಲಿಲ್ವಾ?”

ಇಲ್ಲ ಎಂದೆ. ಮಿಕ್ಸಿಯ ಡೆಮೊ ತೋರಿಸಿದ ದಿನ ಅಕ್ಕನಿಗೆ ನನ್ನ ಪರದೆ ಕಂಡಿರಲೇ ಇಲ್ಲ. ಅಂಗಡಿ ಉಳಿಸಿಕೊಳ್ಳಲು ಅವರೂ ಎಲ್ಲರಂತೆ ಆ ಎರಡು ಮಾತು ಹೇಳಿದ್ದರು.

ಅಲ್ಲೀಗ ಮೊಬೈಲ್ ಕವರಿನ ಅಂಗಡಿ. ಪಂಪಿನ ಡೆಮೊ ನಿನ್ನೆ ಮುಗಿಯಿತು. ಅಭ್ಯಾಸಬಲದಿಂದ ಕೆಳಗಿಳಿದು ಅಂಗಡಿಯವರ ಕೈಗೆ ಕೊಟ್ಟೆ. ಅವರು ಏನೂ ಇಲ್ಲದ ಜಾಗದಲ್ಲಿ ಒತ್ತಿದರು, ಮತ್ತೂ ಅಲ್ಲೇ ಒತ್ತಿದರು.

“ಎಲ್ಲಿ ಒತ್ತುದೆಂದು ಗೊತ್ತಾಗುದಿಲ್ಲವಾ?” ಎಂದು ಕೇಳಿದೆ.

“ಛೆ ಛೆ, ಲಾಯ್ಕ ಉಂಟು ಸರ್” ಎಂದು ನಕ್ಕು ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ಇನ್ನೇನಾದರೂ ಹೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತೆ... ಹಿಂದೆ ಗಿರಾಕಿಗಳು ಕಾಯುತ್ತಿದ್ದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.