ಎಲೆ ಮೇಡಂ ಕುರ್ಚಿ ಬಿಟ್ಟೆದ್ದ ಮಧ್ಯಾಹ್ನ

ಆ ಕೋಣೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಿಕೊಡುವ ಹಾಗಿಲ್ಲ. ವಿಶ್ವವಿದ್ಯಾಲಯದ ನಡವಳಿಕೆ ನಿಯಮಾವಳಿಯನ್ನು ಎಷ್ಟು ತಿರುವಿ ಹಾಕಿದರೂ ಈ ನಿಯಮ ಸಿಗುವುದಿಲ್ಲ. ಅದು ಎಲೆ ಮೇಡಂ ಮಾಡಿದ ಕಾನೂನು. ಶಿಸ್ತು ಸಮಿತಿಯ ಎದುರು ಕೂತ ಮಕ್ಕಳ ನಾಲಿಗೆ ಒಣಗಿರುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧವನ್ನು ದೊಡ್ಡವರು ತುಂಬಿಬಿಟ್ಟರೆ ಅದೇ ಆ ಮಗುವಿನ ಹೇಳಿಕೆಯಾಗಿ ಕೂತುಬಿಡುತ್ತದೆ ಎಂಬುದು ಆಕೆಯ ವಾದ.

ಸಮಿತಿಯ ಹಿರಿಯ ಸದಸ್ಯ ಲೆಕ್ಕದ ಮೇಷ್ಟ್ರಿಗೆ ಈ ಕಾನೂನು ಗಂಟಲಲ್ಲಿ ಸಿಕ್ಕ ಮುಳ್ಳು. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಅವರು ಉತ್ತರ ಬರೆದು ಅಡಿಗೆರೆ ಎಳೆದಾಗಿರುತ್ತಿತ್ತು.

"ಹೀಗೆ ಕಾಯ್ತಾ ಕೂತ್ರೆ ಗಡ್ಡ ಬೆಳೆಯುತ್ತೆ ತಾಯೀ."

"ಬೆಳೀಲಿ ಬಿಡು. ನಿನ್ನ ಮುಖಕ್ಕೆ ಒಪ್ಪುತ್ತೆ."

ಜೊತೆಯಲ್ಲಿ ಓದಿದ ಕಾಲದ ಸ್ನೇಹ ಅವರದು. ಇಬ್ಬರೇ ಇದ್ದಾಗ 'ನೀನು', ಸಭೆಯಲ್ಲಿ 'ನೀವು'. ಆಕೆ ಸಸ್ಯಶಾಸ್ತ್ರ ಕಲಿಸುತ್ತಿದ್ದರು, ಕೂದಲಲ್ಲಿ ಸದಾ ಯಾವುದಾದರೊಂದು ಎಲೆ ಸಿಕ್ಕಿಕೊಂಡಿರುತ್ತಿತ್ತು. ಹಾಗಾಗಿ ಹುಡುಗರು ಇಟ್ಟ ಹೆಸರು ಎಲೆ ಮೇಡಂ. ಸಮಿತಿಯ ಅಧ್ಯಕ್ಷೆಯಾದ ಮೇಲೂ ಎಲೆಯೂ ಹೋಗಲಿಲ್ಲ, ಹೆಸರೂ ಹೋಗಲಿಲ್ಲ.

ಆ ಮಧ್ಯಾಹ್ನ ಎದುರಿಗೆ ಕೂತವನು ಎಂಜಿನಿಯರಿಂಗ್ ಓದುವ ಹುಡುಗ. ಪರೀಕ್ಷಾ ವಿಭಾಗದ ಕೋಣೆಗೆ ನುಗ್ಗಿ ಪ್ರಶ್ನೆಪತ್ರಿಕೆಯ ಫೋಟೊ ತೆಗೆದನೆಂಬುದು ಆರೋಪ. ಸಂಜೆಯ ಗಂಟೆ ಹೊಡೆಯುವಾಗ ಹಸಿರು ಪಟ್ಟಿಯ ಚೀಲ ಹಾಕಿಕೊಂಡವನೊಬ್ಬ ಅಲ್ಲಿಂದ ಓಡಿದ್ದನ್ನು ಕಾವಲುಗಾರ ಹಿಂದಿನಿಂದ ಕಂಡಿದ್ದ. ಹುಡುಗನ ಚೀಲದ ಪಟ್ಟಿಯೂ ಹಸಿರೇ. ಆರೋಪ ನಿಂತರೆ ಅವನು ವಿಶ್ವವಿದ್ಯಾಲಯದಿಂದ ಹೊರಗೆ, ಮತ್ತೆ ಒಳಗೆ ಬರುವ ಮಾತಿಲ್ಲ. ಇಲ್ಲಿ ನ್ಯಾಯಾಲಯದ ಹಾಗೆ ಎಳ್ಳಷ್ಟೂ ಸಂಶಯ ಇರಬಾರದೆಂಬ ಅಳತೆಯೂ ಇಲ್ಲ. ಮಾಡಿಲ್ಲ ಅನ್ನುವುದಕ್ಕಿಂತ ಮಾಡಿದ್ದಾನೆ ಅನ್ನುವುದರ ಕಡೆ ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಸಾಕು. ಜೊತೆಗೊಬ್ಬರನ್ನು ಕರೆತರುವ ಹಕ್ಕು ಅವನಿಗಿತ್ತು. ಆದರೆ ಅವನು ತಾಯಿಯನ್ನು ಹೊರಗೇ ಬೆಂಚಿನ ಮೇಲೆ ಕೂರಿಸಿ ಬಂದಿದ್ದ. ಅಮ್ಮ ಎದುರಿಗಿದ್ದರೆ ತನಗೆ ಬರುವ ಮಾತೂ ಬರುವುದಿಲ್ಲವೆಂದ. ಮೊದಲೇ ಅವನಿಗೆ ಉಗ್ಗು.

"ಆ ಸಂಜೆ ಎಲ್ಲಿದ್ದೆ?" ಎಲೆ ಮೇಡಂ ಕೇಳಿದರು.

"ಗಾ... ಗಾಜಿನ ಮನೇಲಿ."

ಗಿಡಗಳನ್ನು ಬೆಳೆಸುವ ಆ ಗಾಜಿನ ಮನೆ ಪರೀಕ್ಷಾ ವಿಭಾಗದಿಂದ ಪೂರ್ತಿ ಆಚೆ ತುದಿಗಿತ್ತು.

"ಅಲ್ಲೇನಪ್ಪ ನಿಂಗೆ ಕೆಲಸ? ಟೊಮೆಟೊ ಕೀಳೋಕೆ ಹೋಗಿದ್ಯಾ?" ಎಂದರು ಸಮಿತಿಯ ಮೂರನೆಯವರು, ಹಾಸ್ಟೆಲ್ ವಾರ್ಡನ್.

ಹುಡುಗ ತಲೆ ತಗ್ಗಿಸಿದ. ಕಿವಿ ಕೆಂಪಾಯಿತು. "ಯಾರೂ ನನ್ನ ನೋಡಿಲ್ಲ ಸರ್. ಆದ್ರೆ ಗಿಡಗಳ ಆಚೆ ಯಾರೋ ಇದ್ರು. ಗಿ... ಗಿಡಕ್ಕೆ ಬಯ್ತಾ ಇದ್ರು. 'ನಿನ್ನ ತಂಗಿ ನೋಡು, ಹೇಗೆ ಬೆಳೆದು ನಿಂತಿದ್ದಾಳೆ. ನೀನೊಬ್ಬಳು ಮೂತಿ ಸೊಟ್ಟ ಮಾಡ್ಕೊಂಡು ಕೂತಿದೀಯ' ಅಂತ" ಎಂದ.

ವಾರ್ಡನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರೂ ನಗುತ್ತ ಪಕ್ಕಕ್ಕೆ ತಿರುಗಿದರು. ಎಲೆ ಮೇಡಂ ನಗುತ್ತಿರಲಿಲ್ಲ. ಕೂದಲಲ್ಲಿದ್ದ ಎಲೆಯನ್ನು ತೆಗೆದು ಮೇಜಿನ ಮೇಲಿಟ್ಟು ಎದ್ದು ನಿಂತರು.

"ವಿಚಾರಣೆ ಒಂದು ನಿಮಿಷ ನಿಲ್ಲಿಸಿ. ಬಯ್ತಾ ಇದ್ದದ್ದು ನಾನು. ಸಾಕ್ಷಿ ಆದವಳು ತೀರ್ಪು ಕೊಡೋ ಕುರ್ಚೀಲಿ ಕೂರೋ ಹಾಗಿಲ್ಲ."

"ಅಯ್ಯೋ, ನೀವು ಗಿಡಕ್ಕೆ ಬಯ್ಯೋದು ದಿನಾ ನಡೆಯೋದೇ ಅಲ್ವಾ ಮೇಡಂ?" ವಾರ್ಡನ್ ನಗು ನುಂಗಿಕೊಂಡರು. "ಇವನು ಯಾವತ್ತೋ ಕೇಳಿಸ್ಕೊಂಡು ಇವತ್ತು ಹೇಳ್ತಾ ಇರಬಹುದು."

"ಖಂಡಿತ ಇರಬಹುದು. ಆದ್ರೆ ಆ ಸಂಜೆ ನಾನೂ ಒಂದು ಕೇಳಿಸ್ಕೊಂಡೆ. ಅದನ್ನ ಮೊದಲೂ ಕೇಳಿರ್ಲಿಲ್ಲ, ಆಮೇಲೂ ಕೇಳಿಲ್ಲ. ಏನು ಅಂತ ಈಗ ಹೇಳಲ್ಲ. ಅಲ್ಲಿ ಏನು ಮಾಡ್ತಾ ಇದ್ದ ಅಂತ ಮೊದಲು ಅವನು ಹೇಳ್ಲಿ. ನಾನು ಹೊರಗಿರ್ತೀನಿ. ಆಮೇಲೆ ನನ್ನ ಕರೆದು ಕೇಳಿ."

ಅಧ್ಯಕ್ಷರು ಎದ್ದುಹೋದರೆ ಆ ಕುರ್ಚಿ ಹಿರಿಯ ಸದಸ್ಯರಿಗೆ. ಉಳಿದ ಇಬ್ಬರಲ್ಲಿ ಒಮ್ಮತ ಬಾರದಿದ್ದರೆ ಆ ಕುರ್ಚಿಯಲ್ಲಿರುವವರ ಮಾತೇ ಕೊನೆ. ಅಂದರೆ ಹುಡುಗನ ಬದುಕು ಈಗ ಮೇಷ್ಟ್ರ ಕೈಗೆ ಬಂತು. ಅವರು ದಡಬಡಿಸಿ ಆಕೆಯ ಹಿಂದೆಯೇ ಕಾರಿಡಾರಿಗೆ ಹೋಗಿ, ಬೆಂಚಿನವರೆಗೆ ಕೇಳದಂತೆ ದನಿ ತಗ್ಗಿಸಿದರು.

"ಏನಿದು ನಿಂದು? ಸುಮ್ನೆ ಕೂತು 'ಆರೋಪ ಬಿದ್ದುಹೋಯ್ತು' ಅಂದಿದ್ರೆ ಮುಗೀತಿತ್ತು. ನಿಂಗೆ ಸತ್ಯ ಗೊತ್ತಿದೆಯಲ್ಲ?"

"ನಂಗೆ ಗೊತ್ತಿದ್ರೆ ಸಾಕಾ? ಮೇಜಿನ ಮೇಲೆ ಬರ್ಬೇಕಲ್ಲ. ಇವತ್ತು ನಾನು ಮನಸ್ಸಲ್ಲೇ ಇಟ್ಕೊಂಡು ಒಬ್ಬನ್ನ ಉಳಿಸ್ತೀನಿ. ನಾಳೆ ಇನ್ಯಾರೋ ಮನಸ್ಸಲ್ಲೇ ಇಟ್ಕೊಂಡು ಇನ್ಯಾರನ್ನೋ ಓಡಿಸ್ತಾರೆ."

"ಅವನು ಬಾಯೇ ಬಿಡದಿದ್ರೆ?"

"ಬಿಡ್ತಾನೆ. ನೀನು ಮುಚ್ಕೊಂಡಿದ್ರೆ."

ಆಕೆ ಬೆಂಚಿನ ಈ ತುದಿಯಲ್ಲಿ ಕೂತರು. ಆ ತುದಿಯಲ್ಲಿ ಹೊಲಿಗೆ ಕೆಲಸದವಳಾದ ಹುಡುಗನ ತಾಯಿ ಸೆರಗಿನಿಂದ ಎಳೆದ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. "ಏನಾಯ್ತಮ್ಮಾ ಒಳಗೆ?" ಎಂದಳು. ಸಾಕ್ಷಿಯಾದವರು ಪ್ರಕರಣದ ಬಗ್ಗೆ ಸಮಿತಿಯ ಆಚೆ ಯಾರೊಡನೆಯೂ ಮಾತಾಡುವಂತಿಲ್ಲ. "ನಾನು ಹೇಳೋ ಹಾಗಿಲ್ಲಮ್ಮ," ಎಂದರು ಎಲೆ ಮೇಡಂ. ಒಂದೇ ಒಂದು ಮಾತಿನಿಂದ ಆ ತಾಯಿಯ ಜೀವಕ್ಕೆ ತಂಪೆರೆಯಬಹುದಾಗಿದ್ದವರು ತುಟಿ ಬಿಗಿದು ಕೂತದ್ದನ್ನು ಮೇಷ್ಟ್ರು ಬಾಗಿಲು ಮುಚ್ಚುವ ಮೊದಲು ನೋಡಿದರು. ಇಷ್ಟು ವರ್ಷ ಜೊತೆಗಿದ್ದ ಗೆಳತಿ ಎಷ್ಟು ಎತ್ತರದವಳೆಂದು ತಾನು ಅಳೆದೇ ಇರಲಿಲ್ಲ ಅನ್ನಿಸಿತು.

ಮೇಷ್ಟ್ರು ಕೂತಾಗ ಅಧ್ಯಕ್ಷರ ಕುರ್ಚಿ ಇನ್ನೂ ಬೆಚ್ಚಗಿತ್ತು.

"ಗಾಜಿನ ಮನೇಲಿ ಏನು ಮಾಡ್ತಾ ಇದ್ದೆ?"

ಹುಡುಗ ಬಾಯಿ ತೆರೆದ. "ನಾ... ನಾನು..." ಅಲ್ಲಿಗೇ ನಿಂತ. ಮೇಷ್ಟ್ರ ನಾಲಿಗೆಯ ತುದಿಗೆ ಹತ್ತು ವಾಕ್ಯಗಳು ಬಂದು ನೂಕಾಡಿದವು. ಹಲ್ಲು ಕಚ್ಚಿದರು. ಗೋಡೆಯ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

"ನಿದ್ದೆ ಮಾಡ್ತಿದ್ದೆ ಅಂತ ಹೇಳಪ್ಪ, ಪರವಾಗಿಲ್ಲ," ಎಂದರು ವಾರ್ಡನ್ ಕನಿಕರದಿಂದಲೇ.

"ಮುಗಿಸಿಕೊಡಬೇಡಿ." ತನ್ನ ಬಾಯಿಂದ ಬಂದ ಆಕೆಯ ಮಾತಿಗೆ ಮೇಷ್ಟ್ರೇ ಬೆಚ್ಚಿದರು.

ಹುಡುಗನ ಕುತ್ತಿಗೆಯ ನರ ಉಬ್ಬಿತು, ಇಳಿಯಿತು. ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಒಂದೊಂದೇ ಅಕ್ಷರ ಭಾರದ ಕಲ್ಲೆತ್ತಿದಂತೆ ಮೇಲೆ ಬಂತು: ಮಾರನೆಯ ದಿನ ಅವನ ಸೆಮಿನಾರ್ ಇತ್ತು. ಜನರೆದುರು ಮಾತು ನಿಲ್ಲುತ್ತದೆ, ಗೆಳೆಯರು ಅಣಕಿಸುತ್ತಾರೆ. ಗಿಡಗಳು ನಗುವುದಿಲ್ಲವಲ್ಲ. ಅದಕ್ಕೇ ಅಲ್ಲಿ ನಿಂತು ಮೊದಲ ವಾಕ್ಯವನ್ನು ಗಂಟೆ ಹೊಡೆಯುವವರೆಗೂ ಮತ್ತೆ ಮತ್ತೆ ಹೇಳಿದ್ದ.

"ಯಾವ ವಾಕ್ಯ?"

ಹೇಳಿದ. ಮೇಷ್ಟ್ರು ಬರೆದುಕೊಂಡು ಹಾಳೆಯನ್ನು ಮಗುಚಿಟ್ಟರು. ಎಲೆ ಮೇಡಂ ಒಳಗೆ ಬಂದು, ಹುಡುಗನ ಪಕ್ಕದಲ್ಲಿ, ಎಷ್ಟೋ ಮಕ್ಕಳು ನಡುಗುತ್ತ ಕೂತಿದ್ದ ಬರಿಮರದ ಕುರ್ಚಿಯಲ್ಲಿ ಕೂತರು.

"ನೀವು ಆ ಸಂಜೆ ಏನು ಕೇಳಿದಿರಿ?"

"ತೋಟದವನ ಕೆಟ್ಟ ರೇಡಿಯೋ ಅಂದ್ಕೊಂಡಿದ್ದೆ. ಒಂದೇ ಮಾತು, ತಡವರಿಸಿ ತಡವರಿಸಿ. 'ಮಾನ್ಯರೇ, ಪ್ರತಿಯೊಂದು ಸೇತುವೆಯೂ ಸ್ವಲ್ಪ ಅಲುಗಲೇಬೇಕು, ಅಲುಗದ ಸೇತುವೆಯೇ ಮೊದಲು ಮುರಿಯುತ್ತದೆ.' ಗಂಟೆ ಹೊಡೀತು, ಮಾತು ನಿಂತಿತು."

ಮೇಷ್ಟ್ರು ಹಾಳೆಯನ್ನು ತಿರುಗಿಸಿ ವಾರ್ಡನ್ ಕಡೆ ಸರಿಸಿದರು. ಅಕ್ಷರಕ್ಕೆ ಅಕ್ಷರ ಅದೇ. ವಾರ್ಡನ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಒಬ್ಬರಿಗೊಬ್ಬರು ಕಾಣದೆ ಗಿಡಗಳೊಡನೆ ಮಾತಾಡಿಕೊಂಡಿದ್ದ ಇಬ್ಬರು ಈಗ ಮೇಜಿನ ಒಂದೇ ಬದಿಯಲ್ಲಿ ಕೂತಿದ್ದರು.

ಒಂದು ಕ್ರಮ ಬಾಕಿಯಿತ್ತು. ಮೇಷ್ಟ್ರು ಹುಡುಗನ ಕಡೆ ತಿರುಗಿದರು. "ಸಾಕ್ಷಿಯನ್ನ ಪ್ರಶ್ನೆ ಮಾಡೋ ಹಕ್ಕು ನಿನಗಿದೆ. ಏನಾದ್ರೂ ಕೇಳ್ತೀಯಾ?"

ಎಲ್ಲರೂ ಕಾದರು. ಈ ಸಲ ವಾರ್ಡನ್ ಕೂಡ.

"ಮೇಡಂ... ಆ ಗಿ... ಗಿಡ ಬದುಕ್ತಾ?"

"ಬದುಕ್ತಪ್ಪ. ಬಯ್ದಿದ್ದಕ್ಕಲ್ಲ. ಜಾಗ ಬದಲಾಯಿಸಿದೆ, ಅಷ್ಟೇ."

ಆರೋಪ ಬಿದ್ದುಹೋಯಿತು. ಕಾರಿಡಾರಿನಲ್ಲಿ ತಾಯಿ ಮಗನ ತೋಳನ್ನು ಹಿಡಿದುಕೊಂಡವಳು ಬಿಡಲೇ ಇಲ್ಲ. ಎಲೆ ಮೇಡಂ ಕೈಚೀಲ ಎತ್ತಿಕೊಂಡು, "ಗಡ್ಡ ಬೆಳೀತಾ?" ಎಂದು ಮೇಷ್ಟ್ರನ್ನು ಕೇಳಿ ತರಗತಿಗೆ ನಡೆದರು.

ಈಗ ಆಕೆ ಇಲ್ಲ. ಕಾಯಿಲೆ ಹೆಚ್ಚು ಸಮಯ ಕೊಡಲಿಲ್ಲ. ಕುರ್ಚಿ ಮೇಷ್ಟ್ರಿಗೇ ಬಂದಿದೆ, ಕಾಯುವುದನ್ನು ಅವರು ಕಲಿತಿದ್ದಾರೆ. ಮೊನ್ನೆ ಸಂಜೆ ಗಾಜಿನ ಮನೆಗೆ ಹೋದರು. ಜಾಗ ಬದಲಾದ ಆ ಗಿಡ ಕಿಟಕಿಯ ಎತ್ತರಕ್ಕೆ ಬೆಳೆದಿದೆ. ಅದರ ಎದುರು ನಿಂತು, "ನಿಮ್ಮ ಮೇಡಂ..." ಎಂದರು. ಮುಂದಿನ ಮಾತು ಬರಲಿಲ್ಲ. ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿದ್ದರು. ಗಿಡ ಅವಸರ ಮಾಡಲಿಲ್ಲ.