ಮದುವೆ ಫೋಟೊದ ಕೋಣೆ

ಮೂಡಿಗೆರೆ ಸಮೀಪದ ನಮ್ಮ ಹಳೆಯ ಎಸ್ಟೇಟ್ ಮನೆಯನ್ನು ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಟ್ರಸ್ಟಿಗೆ ಬಿಟ್ಟುಕೊಟ್ಟೆವು. ಕಾಫಿ ಬೆಳೆಗಾರರ ಮನೆ ಹಿಂದೆ ಹೇಗಿರುತ್ತಿತ್ತೆಂದು ತೋರಿಸುವ ಮ್ಯೂಸಿಯಂ ಮಾಡುವುದು ಅವರ ಯೋಜನೆ. ನಾನು ಚರಿತ್ರೆ ಓದಿದವಳು, ಆ ಮನೆಯಲ್ಲೇ ಬೆಳೆದವಳು. ಮುಂದಿನ ಕೋಣೆಯಲ್ಲಿ ಏನೇನಿತ್ತು ಎಂದು ಟ್ರಸ್ಟಿನ ಕಾರ್ಯದರ್ಶಿ ನನ್ನನ್ನೇ ಕೇಳಿದರು. ಆ ಕೋಣೆಯದೆಂದು ಉಳಿದಿದ್ದುದು ಒಂದೇ ಫೋಟೊ, ಚಿಕ್ಕಪ್ಪನ ಮದುವೆಯದು. ಗೋಡೆಯುದ್ದಕ್ಕೂ ಬೆತ್ತ ಹೆಣೆದ ಬೀಟೆ ಕುರ್ಚಿಗಳು, ನಡುವೆ ದುಂಡು ಮೇಜು, ಮೂಲೆಯಲ್ಲಿ ನಿಲುವುಗನ್ನಡಿ.

"ಹೀಗೇ ಇತ್ತು" ಎಂದೆ. ತೊಡೆಗೆ ಒತ್ತುತ್ತಿದ್ದ ಬೆತ್ತದ ಗುರುತು ಕೂಡ ನನಗೆ ನೆನಪಿತ್ತು.

ಟ್ರಸ್ಟಿನವರು ಅಂಥವೇ ಕುರ್ಚಿ, ಮೇಜು, ನಿಲುವುಗನ್ನಡಿಗಳನ್ನು ಅಲ್ಲಿ ಇಲ್ಲಿ ಬೇಡಿ ತಂದು ಪಾಲಿಶ್ ಮಾಡಿಸಿಟ್ಟರು. ವಸ್ತಾರೆಯಲ್ಲಿ ಮಗಳ ಮನೆಯಲ್ಲಿದ್ದ ಸೋದರತ್ತೆಯನ್ನು ನೋಡಲು ಕರೆತಂದೆ. ಅಡ್ಡ ಕಟ್ಟಿದ ಹಗ್ಗದ ಹೊರಗೇ ನಿಂತರು.

"ಯಾರ ಮನೆಯೇ ಇದು?"

"ನಮ್ದೇ ಅತ್ತೆ. ಫೋಟೊ ನೋಡಿ ಮಾಡಿದ್ದು."

"ಎಂತ ಫೋಟೊ ಮಾರಾಯ್ತಿ! ಆ ಕುರ್ಚಿ ಎಲ್ಲ ಪಕ್ಕದ ಎಸ್ಟೇಟಿಂದ ತಂದಿದ್ದು. ಬೀಗರ ಎದ್ರು ಅಪ್ಪಯ್ಯ ಸಣ್ಣೋರಾಗ್ಬಾರ್ದಲ್ಲ. ಮದುವೆ ಮುಗೀತು, ವಾಪಸ್ ಹೋಯ್ತು."

ಮದುವೆಗೆ ಅಕ್ಕಪಕ್ಕದ ಮನೆಗಳಿಂದ ಕುರ್ಚಿ, ಕೊಪ್ಪರಿಗೆ, ಜಮಖಾನ ತರುವುದು ನಮ್ಮ ಕಡೆಯ ವಾಡಿಕೆ. ಅದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಆ ಬೆತ್ತದ ಗುರುತು ಯಾರ ಮನೆಯದು? ಈಗಲೂ ತಿಳಿಯದು.

ಅತ್ತೆ ಕಿಟಕಿಯತ್ತ ಕೈ ತೋರಿಸಿದರು. "ಅಲ್ಲಿ ನನ್ನ ಮಂಚ ಇತ್ತು."

ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ತವರಿಗೆ ಬಂದ ಅತ್ತೆಗೆ ಕಾಫಿ ಒಣಗಿಸುವ ಕಣ ಕಾಯುವ ಕೆಲಸ ಬಿದ್ದಿತ್ತು. ಆ ಕಿಟಕಿಯಿಂದ ಕಣ ಪೂರ್ತಿ ಕಾಣುತ್ತಿತ್ತು; ಮೋಡ ಕವಿದರೆ ಅಲ್ಲಿಂದಲೇ ಆಳುಗಳನ್ನು ಕೂಗಿ ಕಾಫಿ ಮುಚ್ಚಿಸುತ್ತಿದ್ದರು. ಮದುವೆಗೆಂದು ಅವರ ಮಂಚವನ್ನು ಗೋಡೌನಿಗೆ ಸಾಗಿಸಿ, ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗಳ ಪಕ್ಕ ನಿಲ್ಲಿಸಿದ್ದರು. ಫೋಟೊಕ್ಕೂ ಅವರನ್ನು ಕರೆಯಲಿಲ್ಲ. ಅವರನ್ನು ಆ ಕೋಣೆಯಿಂದ ತೆಗೆದಿದ್ದ ದಿನವನ್ನೇ ನಾವು ಮ್ಯೂಸಿಯಂ ಮಾಡಿದ್ದೆವು.

"ನನ್ ಹೆಸರೆಲ್ಲ ಬೇಡ ಕಣೆ. ಮಂಚ ಒಂದು ಇಡ್ಸು."

ಕಾರ್ಯದರ್ಶಿಗೆ ಹೇಳಿದೆ, ನನ್ನ ನೆನಪು ತಪ್ಪೆಂದು.

"ಆಗ ಹೇಳಿದ್ದು ತಪ್ಪಾದ್ರೆ, ಈಗ ಹೇಳ್ತಿರೋದು ಸರಿ ಅಂತ ಹೆಂಗ್ ನಂಬ್ಲಿ ಮೇಡಂ?"

ನ್ಯಾಯವಾದ ಪ್ರಶ್ನೆ. ಅವರನ್ನು ಗೋಡೌನಿಗೆ ಕರೆದುಕೊಂಡು ಹೋದೆ. ಹರಕು ಗೋಣಿಗಳ ಹಿಂದೆ ಮಂಚ ಇನ್ನೂ ಇತ್ತು. ಅವರು ಪೂರ್ತಿ ಒಪ್ಪಿದರೆಂದು ನನಗನ್ನಿಸಲಿಲ್ಲ. ಆದರೂ ಎರಡು ಕುರ್ಚಿ ಜಗಲಿಗೆ ಹೋದವು, ಮಂಚ ಕಿಟಕಿಯ ಬಳಿಗೆ ಬಂತು.

ಮರುವರ್ಷ ಅತ್ತೆಯೊಂದಿಗೆ ಹೋದಾಗ ಕನ್ನಡಿ ಒಡೆದು ಅದರ ಜಾಗದಲ್ಲಿ ಗ್ರಾಮಫೋನು ಬಂದಿತ್ತು. ಮಂಚಕ್ಕೆ ಕೆಂಪು ಮಖಮಲ್ಲು ಹೊದಿಸಿ, 'ಯಜಮಾನರ ಮಂಚ' ಎಂದು ಫಲಕ ಹಾಕಿದ್ದರು. ಓದಿ ಹೇಳಿದೆ. ಅತ್ತೆ ನಕ್ಕರು.

"ಅಪ್ಪಯ್ಯ ಇದ್ರಲ್ಲಿ ಮಲಗಿದ್ರೆ ಅರ್ಧ ಕಾಲು ಹೊರಗೇ!"

ಹಗ್ಗ ಎತ್ತಿ ಒಳಗೆ ಹೋದರು. ಮಖಮಲ್ಲನ್ನು ಒಂದು ಬದಿಗೆ ಸರಿಸಿ ಕೂತರು.

"ಅಮ್ಮಾ, ಅಲ್ಲಿ ಕೂರಂಗಿಲ್ಲ" ಎಂದ ಕಾವಲಿನವನು.

ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಕಣದಲ್ಲಿ ಈಗ ಪ್ರವಾಸಿಗರ ಕಾರುಗಳು ನಿಲ್ಲುತ್ತವೆ.

"ಮೋಡ ಆಗ್ತಾ ಇದೆ" ಎಂದರು.