ಎರಡು ತಾರೀಖಿನ ಮೇಷ್ಟ್ರು

ಈ ತಿಂಗಳು ನಿವೃತ್ತರಾಗುತ್ತಿರುವ ಜನನ ನೋಂದಣಾಧಿಕಾರಿಗಳಿಗೆ ಇಲಾಖೆಯಲ್ಲಿ 'ಎರಡು ತಾರೀಖಿನ ಮೇಷ್ಟ್ರು' ಎಂದೇ ಹೆಸರು. ಮಗು ಹುಟ್ಟಿದ ದಿನ ಬೇರೆ, ಮನೆಯವರು ಕೌಂಟರಿಗೆ ಬಂದ ದಿನ ಬೇರೆ. ಎರಡನ್ನೂ ಕೇಳಿ, ಮತ್ತೊಮ್ಮೆ ಕೇಳಿ, ಆಮೇಲೆ ಬರೆಯಬೇಕೆಂದು ಅವರು ಮೂರು ದಶಕಗಳ ಕಾಲ ಕಿರಿಯರಿಗೆಲ್ಲ ಪಾಠ ಹೇಳಿದರು.

ಅವರು ಕೆಲಸಕ್ಕೆ ಸೇರಿದಾಗ, ಈ ನೆಲದಲ್ಲಿ ಹುಟ್ಟಿದ ಮಗು, ಅಪ್ಪ ಅಮ್ಮ ಎಲ್ಲಿಯವರೇ ಆಗಿರಲಿ, ಈ ದೇಶದ ಪ್ರಜೆಯಾಗುತ್ತಿತ್ತು. ಅದೇ ವರ್ಷ ಕಾನೂನು ಬದಲಾಯಿತು: ಅಂದಿನಿಂದ ಹುಟ್ಟುವ ಮಗುವಿನ ತಂದೆತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಮುಂದೆ ಇನ್ನಷ್ಟು ಬಿಗಿಯಾಯಿತು: ಇನ್ನೊಬ್ಬರು ಪರವಾನಗಿ ಇಲ್ಲದೆ ನೆಲೆಸಿದವರಾಗಿರಬಾರದು. ಹುಟ್ಟಿದ ಜಾಗ ಒಂದೇ ಆದರೂ ಹುಟ್ಟಿದ ದಿನ ನೋಡಿ ಹಕ್ಕು ಬೇರೆಯಾಯಿತು.

ಕೆಲವು ತಿಂಗಳ ಹಿಂದೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ಹನ್ನೊಂದು ದಿನದ ಕೂಸನ್ನು ಎತ್ತಿಕೊಂಡು ಬಂದಳು. ಗಂಡ ಪರವಾನಗಿ ಪಡೆದ ಪರದೇಶದವನು. ಅವಳ ತಂದೆತಾಯಿಯೂ ಹೊರಗಿನಿಂದ ಬಂದವರೇ. ಅವಳ ಜನನ ಪತ್ರದ ತಾರೀಖು ಕಾನೂನು ಬದಲಾಗಿ ನಾಲ್ಕು ದಿನ ಕಳೆದ ಮೇಲಿನದು. ಹಾಗಾಗಿ ಅವಳು ಪ್ರಜೆಯಲ್ಲ, ಮಗುವೂ ಅಲ್ಲ ಎಂದು ಕೌಂಟರಿನವರು ಕೂಸನ್ನು ಪ್ರಜೆಯೆಂದು ಬರೆಸುವ ಅರ್ಜಿಯನ್ನು ಹಿಂದಕ್ಕೆ ಸರಿಸಿದರು. ಅವಳು ಜಗಳವಾಡಲಿಲ್ಲ, ಒಳಗಿದ್ದ ಮೇಷ್ಟ್ರ ಬಳಿ ಬಂದು ಕೇಳಿದಳು:

"ನಾನು ಹುಟ್ಟಿ ವಾರ ಆದ್ಮೇಲೆ ಇಲ್ಲಿ ಬರೆಸಿದ್ದು ಅಂತ ನಮ್ಮಮ್ಮ ಸಾಯೋವರೆಗೂ ಹೇಳ್ತಿದ್ಲು. ಆ ವಾರ ಎಲ್ಲಿ ಹೋಯ್ತು ಸಾರ್?"

ಮೇಷ್ಟ್ರು ಮೂಲ ಪುಸ್ತಕ ತರಿಸಿದರು. ಅಕ್ಷರ ಅವರದೇ. ಹೊಸಬರಾಗಿದ್ದಾಗ, ಕೌಂಟರಿಗೆ ಬಂದ ದಿನವನ್ನೇ ಹುಟ್ಟಿದ ದಿನವೆಂದು ಬರೆದುಬಿಟ್ಟಿದ್ದರು. ಎರಡು ದಿನ ದಾಖಲೆ ಕೋಣೆಯ ಧೂಳು ಕುಡಿದು, ಆ ವರ್ಷದ ಕಟ್ಟಿನಿಂದ ಹೆರಿಗೆ ಆಸ್ಪತ್ರೆಯ ಚೀಟಿಯನ್ನು ಹೆಕ್ಕಿ ತೆಗೆದರು. ಅದರಲ್ಲಿದ್ದದ್ದು ಕಾನೂನು ಬದಲಾಗುವ ಮೂರು ದಿನ ಮುಂಚಿನ ತಾರೀಖು.

ಸಹೋದ್ಯೋಗಿಯೊಬ್ಬರು ಬಾಗಿಲು ಮುಂದೆ ಮಾಡಿಕೊಂಡು ಬುದ್ಧಿ ಹೇಳಿದರು: "ಸಾರ್, ನಿಮ್ಮ ಪೆನ್ಷನ್ ಕಾಗದ ಇನ್ನೂ ಮೇಲಿನವರ ಮೇಜಿನ ಮೇಲಿದೆ. ಈಗ ಹೋಗಿ ತಪ್ಪು ನಂದೇ ಅಂತ ಬರ್ಕೊಡ್ತೀರಾ? ಆಯಮ್ಮಂಗೆ ಕೋರ್ಟಿಗೆ ಹೋಗು ಅನ್ನಿ."

"ಕೋರ್ಟು ಮುಗಿಯೋಷ್ಟರಲ್ಲಿ ಆ ಕೂಸು ಶಾಲೆ ಮುಗಿಸಿರುತ್ತೆ ಕಣಯ್ಯ. ಕಾನೂನು ಮಾಡ್ದೋನು ನಾನಲ್ಲ. ತಾರೀಖು ಬರ್ದೋನು ನಾನೇ."

ವಿವರಣೆ ಬರೆದು ಕಳಿಸಿದರು. ಮೇಲಿನಿಂದ ತಿದ್ದುಪಡಿಗೆ ಒಪ್ಪಿಗೆ ಬಂತು, ಜೊತೆಗೆ ಎಚ್ಚರಿಕೆಯ ಪತ್ರವೂ ಬಂತು. ಹಳೆಯ ತಾರೀಖಿಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ 'ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದರು. ಮರುದಿನ ಕೂಸಿನ ಪುಟದಲ್ಲಿ, ತಾಯಿಯ ಪೌರತ್ವದ ಕಾಲಮಿನಲ್ಲಿ 'ಹುಟ್ಟಿನಿಂದ' ಎಂದು ತುಂಬಿದರು.

ಅವರ ಮೊದಲ ವರ್ಷದ ಇನ್ನೂ ನಾನೂರು ಪುಟಗಳು ಆ ಕೋಣೆಯಲ್ಲಿವೆ. ನಿವೃತ್ತಿಯ ಮರುದಿನದಿಂದ ಬಂದು, ಒಂದೊಂದನ್ನೂ ಆಸ್ಪತ್ರೆಯ ಚೀಟಿಗಳೊಡನೆ ತಾಳೆ ನೋಡಲು ಅವರು ಅನುಮತಿ ಕೇಳಿದ್ದಾರೆ. ಕಿಟಕಿಯ ಬಳಿ ಅವರಿಗೆಂದೇ ಕುರ್ಚಿ ಹಾಕಿಸಲಾಗಿದೆ. ಅವರ ಕಣ್ಣು ಮಬ್ಬಾಗದಿರಲಿ; ಆ ಕಟ್ಟುಗಳೆಲ್ಲ ಮುಗಿದ ಮೇಲೂ ಅವರ ಆಯಸ್ಸು ಬಹಳ ಕಾಲ ಉಳಿದಿರಲಿ.